ಊರು ಬಿಟ್ಟು ಹೋದವರ ಜಾಡು: ಯಾವ ಕಾಗದ ಮೊದಲು ಹುಡುಕಬೇಕು?

“ನಮ್ಮ ಅಜ್ಜನ ಅಣ್ಣ ಆಫ್ರಿಕಾಕ್ಕೆ ಹೋಗಿದ್ರಂತೆ.” “ಹಡಗಿನ ಕೆಲಸದಲ್ಲಿದ್ದ ದೊಡ್ಡಪ್ಪ ಲಂಡನ್ನಿನಲ್ಲೇ ಉಳಿದುಬಿಟ್ರಂತೆ.” ಮಾಜಾಳಿಯಿಂದ ಭಟ್ಕಳದವರೆಗೆ ಉತ್ತರ ಕನ್ನಡ ಕರಾವಳಿಯ ಬಹಳಷ್ಟು ಮನೆಗಳಲ್ಲಿ ಇಂಥದ್ದೊಂದು ‘ಅಂತೆ’ ಇದೆ. ಘಟ್ಟ ಹತ್ತಿ ಶಿರಸಿ, ಸಿದ್ದಾಪುರದ ಕಡೆ ಹೋದರೆ ಕಥೆ ಸ್ವಲ್ಪ ಈಚಿನದು. ಅಲ್ಲಿ ಎಪ್ಪತ್ತರ ದಶಕದಲ್ಲಿ ಎಂಜಿನಿಯರಿಂಗ್ ಓದಿ ಅಮೆರಿಕಕ್ಕೆ ಹೋದ ಚಿಕ್ಕಪ್ಪನ ಸುದ್ದಿ. ಇದನ್ನೇ ಹಿಡಿದುಕೊಂಡು ವಂಶವೃಕ್ಷ ಬರೆಯಲು ಕೂತವರು ಸಾಮಾನ್ಯವಾಗಿ ಗೂಗಲ್‌ನಲ್ಲಿ ಹೆಸರು ಹಾಕಿ ನೋಡುತ್ತಾರೆ, ಏನೂ ಸಿಗುವುದಿಲ್ಲ, ಯಾವುದೋ ವೆಬ್‌ಸೈಟಿಗೆ ಒಂದು ವರ್ಷದ ದುಡ್ಡು ಕಟ್ಟುತ್ತಾರೆ, ಆಮೇಲೆ ಸುಮ್ಮನಾಗುತ್ತಾರೆ.

ಹುಡುಕಲು ಮುಖ್ಯವಾಗಿ ಮೂರು ಬಗೆಯ ಕಾಗದಗಳಿವೆ. ಒಂದು, ಬೇರೆ ದೇಶದ ಪೌರತ್ವ ಪಡೆಯುವಾಗ ತಯಾರಾದ ಫೈಲು. ಇನ್ನೊಂದು, ಹೋಗುವಾಗ ಹಡಗಿನಲ್ಲಿ ಬರೆದುಕೊಂಡ ಪ್ರಯಾಣಿಕರ ಪಟ್ಟಿ. ಮೂರನೆಯದು ಅಲ್ಲಿ ಇದ್ದಷ್ಟು ಕಾಲ ಬೇಕಾದ ಪಾಸ್‌ಪೋರ್ಟು, ಪರ್ಮಿಟ್ಟು, ಪೊಲೀಸರ ಹತ್ತಿರದ ನೋಂದಣಿ. ಪೌರತ್ವದ ಫೈಲಿನಲ್ಲಿ ಇರುವಷ್ಟು ವಿವರ ಉಳಿದ ಎರಡರಲ್ಲಿ ಅಪರೂಪ. ಫೈಲು ಇದೆ ಅಂತ ಗೊತ್ತಾದರೆ ಬೇರೆಲ್ಲ ಬಿಟ್ಟು ಅದನ್ನೇ ತರಿಸಿ. ತೊಂದರೆ ಏನೆಂದರೆ, ನಮ್ಮ ಕಡೆಯಿಂದ ಹೋದ ಹಳಬರಲ್ಲಿ ಜಾಸ್ತಿ ಜನರಿಗೆ ಅಂಥ ಫೈಲೇ ಆಗಿಲ್ಲ. ಹಾಗಾಗಿ ಹುಡುಕುವ ಮೊದಲು ಅದು ಇರಲು ಸಾಧ್ಯವಾ ಅಂತ ನೋಡಿಕೊಳ್ಳಬೇಕು. ಅದಕ್ಕೆ ಎರಡು ಸಂಗತಿ ಸಾಕು: ಅವರು ಯಾವ ಸರಕಾರದ ಪ್ರಜೆ, ಯಾವ ಕಾಲದಲ್ಲಿ ಎಲ್ಲಿಗೆ ಹೋದರು.

ಮಾಜಾಳಿಯವರಿಗೊಂದು ಕಾನೂನು, ಪೋಳೆಂನವರಿಗೊಂದು

ಉತ್ತರ ಕನ್ನಡದವರು ಬ್ರಿಟಿಷರ ಕಾಲದಲ್ಲಿ ಬ್ರಿಟಿಷ್ ಪ್ರಜೆಗಳು. ಮಾಜಾಳಿ ದಾಟಿ ಗೋವಾದ ಪೋಳೆಂ ಸೇರಿದರೆ ಅಲ್ಲಿಯವರು ಪೋರ್ಚುಗೀಸ್ ಪ್ರಜೆಗಳು, ಅದೂ 1961ರ ಡಿಸೆಂಬರ್‌ವರೆಗೆ. ನಡುವೆ ಗಡಿ ಇತ್ತು, ಆದರೆ ಮದುವೆ ಸಂಬಂಧ, ಜಾತ್ರೆ, ಕುಲದೇವರು ಎಲ್ಲ ಎರಡೂ ಕಡೆಗೆ ಹಂಚಿಕೊಂಡಿದ್ದವು. ಈಗಲೂ ಹಾಗೇ ಅಲ್ವಾ?

ಈಗ ಕಾರವಾರದ ಒಬ್ಬರು, ಗೋವಾದ ಕಾಣಕೋಣದ ಅವರ ಭಾವ, ಇಬ್ಬರೂ 1930ರ ಹೊತ್ತಿಗೆ ನೈರೋಬಿಗೆ ಹೋದರು ಅಂದುಕೊಳ್ಳಿ. ಕೀನ್ಯಾ ಆಗ ಬ್ರಿಟಿಷ್ ವಸಾಹತು. ಕಾರವಾರದವರು ಮೊದಲೇ ಬ್ರಿಟಿಷ್ ಪ್ರಜೆ. ಅವರಿಗೆ ಪೌರತ್ವದ ಅರ್ಜಿಯ ಪ್ರಶ್ನೆಯೇ ಇಲ್ಲ. ಭಾವನಿಗೆ ಬ್ರಿಟಿಷ್ ಪ್ರಜೆಯಾಗಬೇಕೆಂದರೆ ಅರ್ಜಿ ಹಾಕಬೇಕು, ಅದರ ಸುದ್ದಿ ಗೆಜೆಟ್‌ನಲ್ಲಿ ಬರಬೇಕು. ಒಂದೇ ಕುಟುಂಬ, ಒಂದೇ ಊಟದ ಮೇಜು, ಒಬ್ಬರ ಹೆಸರಿನಲ್ಲಿ ಫೈಲು ಇದೆ, ಇನ್ನೊಬ್ಬರದ್ದು ಇಲ್ಲ. “ಭಾವನ ಕಾಗದ ಸಿಕ್ಕಿತು, ಅಜ್ಜನದ್ದು ಯಾಕೆ ಸಿಗ್ತಿಲ್ಲ” ಅಂತ ಒದ್ದಾಡುವವರು ಇದನ್ನು ನೆನಪಿಟ್ಟುಕೊಂಡರೆ ಅರ್ಧ ಕೆಲಸ ಉಳಿಯುತ್ತದೆ.

ಕೀನ್ಯಾದ ಹಳೆ ಗೆಜೆಟ್‌ಗಳು ಗೂಗಲ್ ಬುಕ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ. ಪೌರತ್ವದ ಅರ್ಜಿಗಳಷ್ಟೇ ಅಲ್ಲ, ಸರಕಾರಿ ನೌಕರಿಯ ನೇಮಕ, ಬಡ್ತಿ, ತೀರಿಹೋದವರ ಆಸ್ತಿಯ ಸೂಚನೆ ಕೂಡ ಅದರಲ್ಲಿ ಇರುತ್ತವೆ. ಪೂರ್ವ ಆಫ್ರಿಕಾದ ಮಟ್ಟಿಗೆ ನನ್ನ ಮೊದಲ ಆಯ್ಕೆ ಇದೇ. ಹಡಗಿನ ಪಟ್ಟಿಗಿಂತ ಇದು ಎಷ್ಟೋ ಮೇಲು, ಯಾಕೆಂದರೆ ಮುಂಬೈ–ಮೊಂಬಾಸಾ ಹಡಗುಗಳ ಪಟ್ಟಿಗಳನ್ನು ಲಂಡನ್ ಅಥವಾ ನ್ಯೂಯಾರ್ಕ್ ಹಡಗುಗಳದ್ದರಂತೆ ಮನೆಯಲ್ಲಿ ಕೂತು ಹುಡುಕಲು ಆಗುವುದಿಲ್ಲ. ಒಂದು ವಿಷಯ ಗಮನದಲ್ಲಿರಲಿ: ವಸಾಹತು ಕಾಲದ ಕೀನ್ಯಾದ ಜನಗಣತಿಯಲ್ಲಿ ಗೋವನ್ನರನ್ನು ಭಾರತೀಯರಿಂದ ಬೇರೆಯಾಗಿ ಎಣಿಸುತ್ತಿದ್ದರು. ಕಾರವಾರದ ಕೊಂಕಣಿ ಕ್ರೈಸ್ತ ಕುಟುಂಬದವರು ಎರಡೂ ತಲೆಬರಹದ ಕೆಳಗೆ ನೋಡುವುದು ಒಳ್ಳೆಯದು.

1963ರ ಡಿಸೆಂಬರ್‌ನಲ್ಲಿ ಕೀನ್ಯಾ ಸ್ವತಂತ್ರವಾದಾಗ ಲೆಕ್ಕ ಬದಲಾಯಿತು. ತಾನಾಗಿ ಪೌರತ್ವ ಸಿಗದವರಿಗೆ ಹೆಸರು ನೋಂದಾಯಿಸಲು ಎರಡು ವರ್ಷದ ಅವಕಾಶ ಕೊಟ್ಟರು. ಅಲ್ಲಿಯವರೆಗೆ ಯಾವ ಫೈಲೂ ಇಲ್ಲದ ಕಾರವಾರದ ಅಜ್ಜನ ಹೆಸರು ಮೊದಲ ಸಲ ಪೌರತ್ವದ ಕಾಗದಕ್ಕೆ ಬಂದಿದ್ದರೆ ಈ ಎರಡು ವರ್ಷಗಳಲ್ಲಿ. ಯುಗಾಂಡಾದಲ್ಲಿ ಇದ್ದವರಾದರೆ 1972 ನೆನಪಿರಲಿ. ಇದಿ ಅಮೀನ್ ಏಷ್ಯನ್ನರನ್ನು ಹೊರಗೆ ಹಾಕಿದಾಗ ಬಹಳ ಜನ ಬ್ರಿಟನ್ನಿಗೆ ಹೋದರು. ಅವರ ಮುಂದಿನ ಕಾಗದಗಳು ಅಲ್ಲಿವೆ.

ಗೋವಾದ ಒಂದೇ ಹಾಳೆ

ಅಜ್ಜಿ ಗೋವಾದ ಕಡೆಯವರಾಗಿದ್ದರೆ ಆಫ್ರಿಕಾ, ಲಂಡನ್ ಎಲ್ಲ ಆಮೇಲೆ. ಮೊದಲು ಗೋವಾದ ಜನನ ನೋಂದಣಿ ನೋಡಿ. ನಮ್ಮಲ್ಲಿ ಪಂಚಾಯ್ತಿಯ ಜನನ ಪ್ರಮಾಣಪತ್ರ ಅಂದರೆ ಮಗು, ತಂದೆ, ತಾಯಿ, ಮುಗಿಯಿತು. ಪೋರ್ಚುಗೀಸರ ನೋಂದಣಿ ಪುಸ್ತಕದಲ್ಲಿ ಒಂದು ಮಗುವಿನ ಜನನವನ್ನು ವಾಕ್ಯಗಳಲ್ಲಿ ಬರೆಯುತ್ತಿದ್ದರು. ತಂದೆ ತಾಯಿಯ ಜತೆಗೆ ತಂದೆಯ ಕಡೆಯ ಅಜ್ಜ ಅಜ್ಜಿ, ತಾಯಿಯ ಕಡೆಯ ಅಜ್ಜ ಅಜ್ಜಿ, ಅವರ ಊರು, ಕಸುಬು. ಒಂದೇ ಹಾಳೆಯಲ್ಲಿ ಮೂರು ತಲೆಮಾರು. ಅಮೆರಿಕದ ದೊಡ್ಡ ಫೈಲಿನಲ್ಲೂ ನಾಲ್ಕು ಜನ ಅಜ್ಜ ಅಜ್ಜಿಯರು ಒಟ್ಟಿಗೆ ಸಿಗುವುದು ಕಷ್ಟ. ಪುಸ್ತಕಗಳು ಆಯಾ ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿಯಲ್ಲಿ, ಹಳೆಯವು ಪಣಜಿಯ ಪತ್ರಾಗಾರದಲ್ಲಿ ಇರುತ್ತವೆ. ಕಾರವಾರದಿಂದ ಬೆಳಿಗ್ಗೆ ಬಸ್ಸು ಹತ್ತಿದರೆ ಕೆಲಸ ಮುಗಿಸಿ ಸಂಜೆಗೆ ಮನೆ.

ಹೆಸರು ಮಾತ್ರ ನಮ್ಮ ಬರಹದಲ್ಲಿ ಸಿಗುವುದಿಲ್ಲ. ಕಾಮತ್ ಅಲ್ಲಿ ಕಾಮೊತಿಂ, ಶೆಣೈ ಅಲ್ಲಿ ಸಿನಾಯ್, ಪ್ರಭು ಅಲ್ಲಿ ಪೊರೊಬೊ. ನಾಯ್ಕ, ಕೇಣಿ ಎಂಬ ಹೆಸರುಗಳಲ್ಲಿ ಇಂಗ್ಲಿಷಿನ ಕೆ ಅಕ್ಷರದ ಜಾಗದಲ್ಲಿ ಕ್ಯೂ, ಯು ಇರುತ್ತವೆ. ಇಂಡೆಕ್ಸ್‌ನಲ್ಲಿ ಕೆ ಅಕ್ಷರಕ್ಕೆ ಹೋಗಿ ‘ಇಲ್ಲ’ ಅಂತ ವಾಪಸ್ ಬಂದವರು ಎಷ್ಟೋ ಮಂದಿ.

ಇಲ್ಲೊಂದು ಎಚ್ಚರಿಕೆ. ವಂಶ ಹುಡುಕಲು ನೋಂದಣಿಯ ನಕಲು ತೆಗೆಯುವುದು ಬೇರೆ, ಅದನ್ನು ಲಿಸ್ಬನ್ನಿನಲ್ಲಿ ದಾಖಲಿಸಿ ಪೋರ್ಚುಗೀಸ್ ಪೌರತ್ವ ಪಡೆಯುವುದು ಬೇರೆ. ಏಜೆಂಟರು ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಾರೆ. ಭಾರತ ಎರಡು ಪೌರತ್ವ ಒಪ್ಪುವುದಿಲ್ಲ. ಅಜ್ಜಿಯ ಅಪ್ಪನ ಹೆಸರು ತಿಳಿಯಲು ಹೋಗಿ ನಿಮ್ಮ ಪಾಸ್‌ಪೋರ್ಟ್‌ಗೆ ಕುತ್ತು ತಂದುಕೊಳ್ಳಬೇಡಿ.

ಗೋವಾದಲ್ಲಿ ಹುಟ್ಟಿ 1961ಕ್ಕೆ ಮೊದಲೇ ಈಚೆ ಬಂದವರ ಬಗ್ಗೆ ಇನ್ನೊಂದು ಗೊಂದಲ ಇದೆ. “ಅಜ್ಜಿಗೆ ಭಾರತದ ಪೌರತ್ವದ ಸರ್ಟಿಫಿಕೇಟ್ ಇರಬೇಕಲ್ಲ” ಅಂತ ಕೇಳುತ್ತಾರೆ. ಇರಲೇಬೇಕೆಂದಿಲ್ಲ. 1962ರಲ್ಲಿ ಬಂದ ಆದೇಶದ ಪ್ರಕಾರ 1961ರ ಡಿಸೆಂಬರ್ 20ಕ್ಕೆ ಮೊದಲು ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದವರು, ಅವರ ಮಕ್ಕಳು, ಮೊಮ್ಮಕ್ಕಳು ಆ ದಿನದಿಂದ ಭಾರತದ ನಾಗರಿಕರು ಎಂದೇ ಲೆಕ್ಕ. ಬೇಡ ಅಂದವರು ಮಾತ್ರ ಬರೆದು ಕೊಡಬೇಕಿತ್ತು. ಲಕ್ಷಾಂತರ ಜನ ಅರ್ಜಿ ಇಲ್ಲದೆ ನಾಗರಿಕರಾದರು. ಅಂಥವರಿಗೆ ಒಬ್ಬೊಬ್ಬರ ಹೆಸರಿನ ಫೈಲು ಎಲ್ಲಿಂದ ಬರಬೇಕು?

ಅಮೆರಿಕ: ವರ್ಷ ನೋಡಿ ಕಾಗದ ಆರಿಸಿ

ಪೌರತ್ವದ ಕಾಗದಕ್ಕೆ ಅಮೆರಿಕದಷ್ಟು ಒಳ್ಳೆಯ ದೇಶ ಇಲ್ಲ. ಆದರೆ ವರ್ಷ ತಪ್ಪಿದರೆ ಏನೂ ಸಿಗುವುದಿಲ್ಲ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಭಾರತೀಯರು ಪೌರತ್ವಕ್ಕೆ ಅರ್ಹರಲ್ಲ ಎಂದಿತು. ಮೊದಲೇ ಪಡೆದಿದ್ದ ಎಷ್ಟೋ ಜನರ ಪೌರತ್ವವನ್ನೂ ಕಿತ್ತುಕೊಂಡರು. 1946ರ ಲೂಸ್–ಸೆಲ್ಲರ್ ಕಾನೂನಿನಿಂದ ಮತ್ತೆ ಬಾಗಿಲು ತೆರೆಯಿತು, ಆದರೆ ಭಾರತದಿಂದ ವಲಸೆಗೆ ವರ್ಷಕ್ಕೆ 100 ಜನರ ಮಿತಿ. 1965ರ ಕಾನೂನಿನ ನಂತರವೇ ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಹೋಗಿದ್ದು.

ಹಾಗಾಗಿ 1923ರಿಂದ 1946ರ ನಡುವೆ ಅಲ್ಲಿದ್ದವರಿಗೆ ಪೌರತ್ವದ ಫೈಲಿನ ಆಸೆ ಬಿಡಿ. ಅವರಿಗೆ 1940ರಿಂದ 1944ರವರೆಗೆ ಎಲ್ಲ ವಿದೇಶಿಯರೂ ತುಂಬಬೇಕಿದ್ದ ಏಲಿಯನ್ ರಿಜಿಸ್ಟ್ರೇಷನ್ ಫಾರಂ ಇದೆ. ಎರಡೇ ಪುಟ, ಹುಟ್ಟಿದ ಊರು, ಬಂದ ಹಡಗು, ಕೆಲಸ ಎಲ್ಲ ಇರುತ್ತದೆ. ಪೌರತ್ವ ಸಿಗದಿದ್ದರೂ ಸೇನೆಯ ಡ್ರಾಫ್ಟ್ ಕಾರ್ಡ್ ತುಂಬುವುದು ತಪ್ಪಲಿಲ್ಲ, ಅದರಲ್ಲೂ ವಿವರ ಸಿಗಬಹುದು.

ಪೌರತ್ವ ಪಡೆದವರಾದರೆ 1906ರ ಸೆಪ್ಟೆಂಬರ್‌ನಿಂದ 1956ರವರೆಗೆ ಸಿ-ಫೈಲು. ಇದರ ಒಳಗೆ ಏನಿರುತ್ತದೆ ನೋಡಿ. ಮೊದಲು ‘ಪೌರತ್ವ ಪಡೆಯುವ ಇಚ್ಛೆ ಇದೆ’ ಎಂಬ ಹೇಳಿಕೆ: ಹುಟ್ಟಿದ ಊರು, ದಿನಾಂಕ, ಎತ್ತರ, ಕಣ್ಣಿನ ಬಣ್ಣ, ಯಾವ ಬಂದರಿನಿಂದ ಯಾವ ಹಡಗಿನಲ್ಲಿ ಯಾವತ್ತು ಬಂದರು ಎಂಬುದು. 1929ರ ಜುಲೈ ನಂತರ ಫೋಟೋ ಕೂಡ. ಆಮೇಲೆ ಅರ್ಜಿ: ಹೆಂಡತಿಯ ಹೆಸರು, ಮಕ್ಕಳು, ಅವರು ಹುಟ್ಟಿದ ದಿನ. ಜತೆಗೆ ಗುರುತು ಹೇಳಿದ ಸಾಕ್ಷಿಗಳ ಹೆಸರು. ಸಾಕ್ಷಿಗಳನ್ನು ಬಿಡಬೇಡಿ, ಅವರಲ್ಲಿ ಒಬ್ಬರು ಊರಿನವರೇ ಆಗಿರಬಹುದು. ಕೊನೆಗೆ ಸರ್ಟಿಫಿಕೇಟು. ಮನೆಯಲ್ಲಿ ಫ್ರೇಮ್ ಹಾಕಿಸಿಟ್ಟಿದ್ದು ಇದೇ, ಆದರೆ ಇದರಲ್ಲಿ ಹುಟ್ಟಿದ ಹಳ್ಳಿಯ ಹೆಸರು ಇರುವುದಿಲ್ಲ. ವಂಶ ಹುಡುಕುವವರಿಗೆ ಇಡೀ ಫೈಲಿನಲ್ಲಿ ಅತಿ ಕಡಿಮೆ ಉಪಯೋಗದ ಹಾಳೆ ಅದು. ಅರ್ಜಿ ಹಾಕುವಾಗ ‘ಪೂರ್ತಿ ಫೈಲು ಬೇಕು’ ಅಂತಲೇ ಬರೆಯಿರಿ.

ಈ ಫೈಲುಗಳು ಅಮೆರಿಕದ ಪೌರತ್ವ ಇಲಾಖೆ ಯುಎಸ್‌ಸಿಐಎಸ್‌ನ ವಂಶಾವಳಿ ವಿಭಾಗದಲ್ಲಿವೆ. ಆನ್‌ಲೈನ್‌ನಲ್ಲಿ ಶುಲ್ಕ ಕಟ್ಟಿ ಕೇಳಬಹುದು. ಆ ವ್ಯಕ್ತಿ ಹುಟ್ಟಿ 100 ವರ್ಷ ಆಗದಿದ್ದರೆ ತೀರಿಹೋದದ್ದಕ್ಕೆ ದಾಖಲೆ ಕೊಡಬೇಕು. ಉತ್ತರ ಬೇಗ ಬರುತ್ತದೆ ಅಂತ ಕಾಯಬೇಡಿ, ಅರ್ಜಿ ಹಾಕಿ ಬೇರೆ ಕೆಲಸ ನೋಡಿಕೊಳ್ಳಿ.

ಶಿರಸಿಯ ಚಿಕ್ಕಪ್ಪನದ್ದು ಬೇರೆ ಕಥೆ. ಅವರದ್ದು ಎ-ಫೈಲು, ಅಂದರೆ ವಲಸೆ ಬಂದ ಒಬ್ಬೊಬ್ಬರ ಹೆಸರಿನಲ್ಲಿ ಇಡುವ ಕಡತ, 1944ರಿಂದ ಶುರುವಾದದ್ದು. ಅವರ ಕಾಲದಲ್ಲಿ ಹಳ್ಳಿಯಲ್ಲಿ ಹುಟ್ಟಿದವರಿಗೆ ಜನನ ಪ್ರಮಾಣಪತ್ರ ಎಲ್ಲಿತ್ತು? ವೀಸಾಕ್ಕೆ ‘ದಾಖಲೆ ಲಭ್ಯವಿಲ್ಲ’ ಎಂಬ ಪತ್ರ, ಶಾಲೆಯ ಸರ್ಟಿಫಿಕೇಟು, ತಂದೆ ತಾಯಿಯೋ ಹತ್ತಿರದ ನೆಂಟರೋ ಮಾಡಿಕೊಟ್ಟ ಅಫಿಡವಿಟ್ಟು ಕೊಡುತ್ತಿದ್ದರು. ‘ಇಂಥ ಗ್ರಾಮದ ಇಂಥ ಮನೆಯಲ್ಲಿ, ಇಂಥವರ ಮಗನಾಗಿ’ ಎಂದು ಛಾಪಾ ಕಾಗದದ ಮೇಲೆ ಅಜ್ಜನ ಸಹಿ ಇರುವ ಆ ಹಾಳೆ ಊರಿನ ಮನೆಯಲ್ಲಿ ಉಳಿದಿರುವುದಿಲ್ಲ, ಅಮೆರಿಕದ ಫೈಲಿನಲ್ಲಿ ಉಳಿದಿರಬಹುದು. ಚಿಕ್ಕಪ್ಪ ಬದುಕಿದ್ದರೆ ಅವರೇ ಅಲ್ಲಿಯ ಮಾಹಿತಿ ಹಕ್ಕಿನ ಅರ್ಜಿ ಹಾಕಲಿ. ಅದಕ್ಕೂ ಮೊದಲು ಒಂದು ಫೋನ್ ಮಾಡಿ ಮಾರಾಯ್ರೆ. ಎದುರಿಗೇ ಇರುವವರನ್ನು ಬಿಟ್ಟು ಪತ್ರಾಗಾರಕ್ಕೆ ಹೋಗುವುದು ಯಾಕೆ?

ಇನ್ನು ಹಡಗಿನ ಪಟ್ಟಿ. ನ್ಯೂಯಾರ್ಕಿನ ಎಲ್ಲಿಸ್ ಐಲ್ಯಾಂಡ್ ಮೂಲಕ ಬಂದವರ ಪಟ್ಟಿಗಳನ್ನು ಉಚಿತವಾಗಿ ಹುಡುಕಬಹುದು, ಫ್ಯಾಮಿಲಿಸರ್ಚ್ ಜಾಲತಾಣದಲ್ಲೂ ಇವೆ. 1907ರ ನಂತರದ ಪಟ್ಟಿಯಲ್ಲಿ ಊರಿನಲ್ಲಿರುವ ಹತ್ತಿರದ ನೆಂಟನ ಹೆಸರು, ವಿಳಾಸ ಬರೆಸಬೇಕಿತ್ತು. ನಮಗೆ ಬೇಕಾದದ್ದು ಆ ಒಂದು ಕಾಲಂ. ಪಟ್ಟಿ ಎರಡು ಅಗಲ ಹಾಳೆಗಳಲ್ಲಿ ಹರಡಿಕೊಂಡಿರುತ್ತದೆ. ಎಡಗಡೆಯ ಹಾಳೆ ಇಳಿಸಿಕೊಂಡು ತೃಪ್ತಿಪಡಬೇಡಿ, ಹುಟ್ಟಿದ ಊರು, ಎತ್ತರ, ಮೈಮೇಲಿನ ಗುರುತು ಇರುವುದು ಬಲಗಡೆಯದರಲ್ಲಿ.

ಕಾರವಾರ, ಅಂಕೋಲಾ ಕಡೆಯ ಹಡಗಿನ ಕೆಲಸದವರು ಈ ಪಟ್ಟಿಯಲ್ಲಿ ಸಿಗುವುದಿಲ್ಲ. ಅವರು ಪ್ರಯಾಣಿಕರಲ್ಲ, ಸಿಬ್ಬಂದಿ. ಸಿಬ್ಬಂದಿ ಪಟ್ಟಿಯೇ ಬೇರೆ. ಬಂದರಿನಲ್ಲಿ ಇಳಿದು ಹಡಗಿಗೆ ವಾಪಸ್ ಬಾರದವರ ಹೆಸರಿನ ಎದುರು ಹಾಗಂತ ಬರೆದಿರುತ್ತಾರೆ. ಮನೆಯಲ್ಲಿ ಹಳೆ ಸಿಡಿಸಿ ಪುಸ್ತಕ (ಹಡಗಿನ ನೌಕರರ ಸೇವಾ ಪುಸ್ತಕ) ಇದ್ದರೆ ಹಡಗಿನ ಹೆಸರು, ಹತ್ತಿದ ಇಳಿದ ದಿನಾಂಕ ಅದರಲ್ಲೇ ಇದೆ. ಅದನ್ನು ಹಿಡಿದುಕೊಂಡು ಹುಡುಕಿದರೆ ಕೆಲಸ ಹಗುರ.

ಬ್ರಿಟನ್: ಹಡಗಿನ ಪಟ್ಟಿಯೇ ಗತಿ

ಇದನ್ನು ಬೇಗ ಮುಗಿಸೋಣ. 1949ಕ್ಕೆ ಮೊದಲು ಹೋದ ನಮ್ಮವರಿಗೆ ಅಲ್ಲಿ ಪೌರತ್ವದ ಫೈಲು ಇಲ್ಲ, ಬ್ರಿಟಿಷ್ ಪ್ರಜೆಗಳಾಗಿದ್ದರಲ್ಲ. 1878ರಿಂದ 1960ರವರೆಗೆ ಬ್ರಿಟನ್ನಿಗೆ ಬಂದ ಹಡಗುಗಳ ಪಟ್ಟಿ, 1890ರಿಂದ 1960ರವರೆಗೆ ಅಲ್ಲಿಂದ ಹೊರಟವುಗಳ ಪಟ್ಟಿ ಲಂಡನ್ನಿನ ನ್ಯಾಷನಲ್ ಆರ್ಕೈವ್ಸ್‌ನಲ್ಲಿವೆ, ದುಡ್ಡು ಕೊಟ್ಟರೆ ಆನ್‌ಲೈನ್‌ನಲ್ಲೂ ಸಿಗುತ್ತವೆ. ಹೆಸರು, ವಯಸ್ಸು, ಕೆಲಸ, ಇಳಿದುಕೊಳ್ಳುವ ವಿಳಾಸ ಸಿಗುತ್ತದೆ. ಹುಟ್ಟಿದ ಹಳ್ಳಿ ಸಿಗುವುದಿಲ್ಲ. 1949ರ ನಂತರ ಕಾಮನ್‌ವೆಲ್ತ್ ದೇಶದವರು ಹೆಸರು ನೋಂದಾಯಿಸಿ ಪೌರರಾಗಬಹುದಿತ್ತು. ಹಾಗೆ ಆದವರಾದರೆ ಹಡಗಿನ ಪಟ್ಟಿಗಿಂತ ಆ ನೋಂದಣಿ ಪತ್ರಕ್ಕೆ ದುಡ್ಡು ಹಾಕಿ.

ಗಲ್ಫ್: ಪತ್ರಾಗಾರ ಮನೆಯಲ್ಲೇ ಇದೆ

ಭಟ್ಕಳ, ಮುರ್ಡೇಶ್ವರ, ಹೊನ್ನಾವರದ ಕಡೆಯವರಿಗೆ ಪೌರತ್ವದ ಮಾತೇ ಬೇಡ. ಗಲ್ಫ್‌ನಲ್ಲಿ ನಲವತ್ತು ವರ್ಷ ದುಡಿದರೂ ಇಕಾಮಾ, ಅಂದರೆ ಅಲ್ಲಿ ಇರಲು ಕೊಡುವ ಪರ್ಮಿಟ್ಟು, ಮುಗಿದ ದಿನ ವಾಪಸ್. ಅಲ್ಲಿಯ ಸರಕಾರಿ ದಾಖಲೆ ಹೊರಗಿನವರಿಗೆ ಸಿಗುವುದೂ ಕಷ್ಟ. ಹಾಗಂತ ಕೈಚೆಲ್ಲಬೇಡಿ. ಕಪಾಟಿನಲ್ಲಿ ಪ್ಲಾಸ್ಟಿಕ್ ಕವರಿನೊಳಗೆ ರಬ್ಬರ್ ಬ್ಯಾಂಡ್ ಹಾಕಿಟ್ಟ ಹಳೆ ಪಾಸ್‌ಪೋರ್ಟುಗಳ ಕಟ್ಟು ಇರುತ್ತದಲ್ಲ, ಮೂಲೆ ಕತ್ತರಿಸಿದವು, ಅದನ್ನು ಬಿಚ್ಚಿ.

ಕೊಟ್ಟ ಕಚೇರಿ, ದಿನಾಂಕ, ಹುಟ್ಟಿದ ಊರು ಮೊದಲ ಪುಟಗಳಲ್ಲಿ. ಹಳೆಯವುಗಳಲ್ಲಿ ಯಾವ ಯಾವ ದೇಶಕ್ಕೆ ಹೋಗಬಹುದು ಅಂತ ಕೈಯಲ್ಲಿ ಬರೆದು ಮುದ್ರೆ ಹಾಕಿರುತ್ತಾರೆ. ತಾಯಿಯ ಪಾಸ್‌ಪೋರ್ಟಿನಲ್ಲಿ ಚಿಕ್ಕ ಮಕ್ಕಳ ಹೆಸರು, ಹುಟ್ಟಿದ ದಿನ ಇರುತ್ತದೆ. ಸಣ್ಣವನಿದ್ದಾಗಲೇ ತೀರಿಕೊಂಡ, ಮನೆಯವರು ಮಾತೇ ಎತ್ತದ ಮಗುವಿನ ಹೆಸರೂ ಅಲ್ಲಿ ಉಳಿದಿರಬಹುದು. ಈಚಿನವುಗಳ ಕೊನೆಯ ಪುಟದಲ್ಲಿ ಹಿಂದಿನ ಪಾಸ್‌ಪೋರ್ಟಿನ ನಂಬರು ಇರುತ್ತದೆ. ಒಂದರಿಂದ ಇನ್ನೊಂದಕ್ಕೆ ಹಾಗೆ ಹಿಂದೆ ಹೋಗಬಹುದು. ಎಂಟ್ರಿ, ಎಕ್ಸಿಟ್ ಮುದ್ರೆಗಳನ್ನು ತಾರೀಕಿನ ಪ್ರಕಾರ ಒಂದು ಹಾಳೆಯಲ್ಲಿ ಬರೆದುಕೊಂಡರೆ ಅಪ್ಪ ಯಾವ ಮಕ್ಕಳು ಹುಟ್ಟಿದಾಗ ಊರಿನಲ್ಲಿದ್ದರು, ಯಾವುದಕ್ಕೆ ಇರಲಿಲ್ಲ ಎಂಬುದೂ ತಿಳಿಯುತ್ತದೆ. ಕಟ್ಟಿನ ನಡುವೆ ಝಡ್ ಅಕ್ಷರದಿಂದ ನಂಬರು ಶುರುವಾಗುವ ಕೆಂಪು ಹತ್ತು ರೂಪಾಯಿ ನೋಟು ಸಿಕ್ಕರೆ ಎಸೆಯಬೇಡಿ. 1959ರಲ್ಲಿ ರಿಸರ್ವ್ ಬ್ಯಾಂಕು ಗಲ್ಫ್‌ಗೆಂದೇ ಅಚ್ಚು ಹಾಕಿದ ನೋಟು ಅದು. ಅರವತ್ತರ ದಶಕದಲ್ಲಿ ಅಲ್ಲಿಯ ದೇಶಗಳು ಒಂದೊಂದಾಗಿ ಸ್ವಂತ ಹಣ ತಂದವು. ಅಜ್ಜ ಅಲ್ಲಿದ್ದ ಕಾಲಕ್ಕೆ ಅದೂ ಒಂದು ಸಾಕ್ಷಿಯೇ.

ಇನ್ನೂ ಹಳೆಯ ಕಾಲ ಬೇಕಿದ್ದರೆ ಕತಾರ್ ಡಿಜಿಟಲ್ ಲೈಬ್ರರಿ ನೋಡಿ. ಗಲ್ಫ್‌ನಲ್ಲಿದ್ದ ಬ್ರಿಟಿಷ್ ಅಧಿಕಾರಿಗಳ ಕಡತಗಳನ್ನು ಅಲ್ಲಿ ಉಚಿತವಾಗಿ ಇಟ್ಟಿದ್ದಾರೆ. ನಿಮ್ಮ ಮನೆಯವರ ಹೆಸರೇ ಸಿಗುತ್ತದೆ ಅಂತ ನಂಬಿ ಹೋಗಬೇಡಿ. ಭಾರತೀಯ ವ್ಯಾಪಾರಿಗಳ ವ್ಯವಹಾರ ಹೇಗಿತ್ತು ಎಂಬುದು ತಿಳಿಯುತ್ತದೆ.

‘ಹುಟ್ಟಿದ ಊರು: ಬಾಂಬೆ’

ಯಾವ ದೇಶದ ಕಾಗದ ತರಿಸಿದರೂ ಇದು ಎದುರಾಗುತ್ತದೆ. ಅಜ್ಜ ಕುಮಟಾದವರು, ಕಾಗದದಲ್ಲಿ ಬಾಂಬೆ. ಮನೆಯವರು ಮುಂಬೈ ಮಹಾನಗರ ಪಾಲಿಕೆಗೆ ಅರ್ಜಿ ಹಾಕಿ ಕಾಯುತ್ತಾರೆ. ನಮ್ಮ ಜಿಲ್ಲೆ 1862ರಿಂದ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು, ಹಡಗು ಹತ್ತಿದ್ದೂ ಮುಂಬೈಯಲ್ಲಿ, ಗುಮಾಸ್ತ ಅಷ್ಟನ್ನೇ ಬರೆದುಕೊಂಡ. ಅದಕ್ಕೇ ಆ ಕಾಲದ ಜಿಲ್ಲೆಯ ಸರಕಾರಿ ಕಡತ ಹುಡುಕುವವರು ಬೆಂಗಳೂರಿಗಿಂತ ಮೊದಲು ಮುಂಬೈಯ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರಕ್ಕೆ ಹೋಗಬೇಕು. 1862ಕ್ಕಿಂತ ಹಿಂದಿನದಾದರೆ ಚೆನ್ನೈನ ಎಗ್ಮೋರ್‌ನಲ್ಲಿರುವ ಪತ್ರಾಗಾರ, ಆಗ ಜಿಲ್ಲೆ ಮದರಾಸಿನ ಆಡಳಿತದಲ್ಲಿತ್ತು. ಹಳೆ ಇಂಗ್ಲಿಷ್ ಬರಹದಲ್ಲಿ ಕಾರವಾರವನ್ನು ಸಿ ಅಕ್ಷರದಿಂದ ಬರೆಯುತ್ತಿದ್ದರು, ಹೊನ್ನಾವರ ‘ಹೊನೋರ್’ ಆಗಿತ್ತು. ಎರಡೂ ರೀತಿಯಲ್ಲಿ ಹುಡುಕಿ.

ಬಂದವರ ಕಾಗದ

ನಮ್ಮ ಜಿಲ್ಲೆಗೆ ಹೊರಗಿನಿಂದ ಬಂದವರೂ ಇದ್ದಾರೆ. ಮುಂಡಗೋಡದ ಟಿಬೆಟನ್ ಕ್ಯಾಂಪು 1966ರಲ್ಲಿ ಶುರುವಾಯಿತು. ಅಲ್ಲಿಯ ಹಿರಿಯರಿಗೆ ವಿದೇಶಿಯರ ನೋಂದಣಿ ಪುಸ್ತಕವೇ ಮುಖ್ಯ ದಾಖಲೆ, ಅವರು ಅದನ್ನು ಆರ್‌ಸಿ ಎನ್ನುತ್ತಾರೆ. ಬಂದ ಕಾಲ, ಮೊದಲು ಇದ್ದ ಕ್ಯಾಂಪು ತಿಳಿಯಲು ಅದರಿಂದಲೇ ಶುರು ಮಾಡಬೇಕು. 1950ರ ಜನವರಿ 26ರಿಂದ 1987ರ ಜುಲೈ 1ಕ್ಕೆ ಮೊದಲು ಇಲ್ಲೇ ಹುಟ್ಟಿದ ಮಕ್ಕಳು ಕಾನೂನಿನ ಪ್ರಕಾರ ಹುಟ್ಟಿನಿಂದಲೇ ಭಾರತೀಯರು. ಹಾಗಾಗಿ ಅಂಥವರಿಗೆ ಪೌರತ್ವದ ಅರ್ಜಿಗಿಂತ ಜನನ ಪ್ರಮಾಣಪತ್ರ ಮುಖ್ಯ.

ಯಲ್ಲಾಪುರ, ಹಳಿಯಾಳದ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದ ಗುಲಾಮರಾಗಿ ತಂದರು. ಅವರಿಗೆ ವಲಸೆಯ ಕಾಗದ ಯಾರು ಮಾಡಿಕೊಡುತ್ತಾರೆ? ಗೋವಾದ ಹಳೆ ಚರ್ಚುಗಳ ಬ್ಯಾಪ್ಟಿಸಮ್ ಪುಸ್ತಕಗಳಲ್ಲಿ ಅಲ್ಲೊಂದು ಇಲ್ಲೊಂದು ಹೆಸರು ಸಿಕ್ಕರೂ ಇಂದಿನ ಮನೆಯೊಂದಕ್ಕೆ ಜೋಡಿಸುವುದು ಬಹಳ ಕಷ್ಟ. ಅಲ್ಲಿ ಹಿರಿಯರ ಬಾಯಿಮಾತನ್ನು ರೆಕಾರ್ಡ್ ಮಾಡಿಕೊಳ್ಳುವುದೇ ಮೊದಲ ಕೆಲಸ.

ಕೊನೆಯ ಮೈಲಿ ತಹಶೀಲ್ದಾರ್ ಕಚೇರಿಯಲ್ಲಿ

ಹೊರದೇಶದ ಕಾಗದ ನಿಮ್ಮನ್ನು ಊರಿನ ಹೆಸರಿನವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮನೆ ಗುರುತಿಸಲು ಜಮೀನಿನ ದಾಖಲೆ ಬೇಕು. ಹೊರಗೆ ಹೋದವರು ಊರಿಗೆ ಬರದಿದ್ದರೂ ಆಸ್ತಿಯಲ್ಲಿ ಅವರ ಪಾಲು ಇರುತ್ತದೆ. ಅಪ್ಪ ತೀರಿಹೋದ ಮೇಲೆ ವಾರಸಾ ಮಾಡುವಾಗ ಎಲ್ಲ ಮಕ್ಕಳ ಹೆಸರನ್ನೂ ಬರೆಸಬೇಕಾಗುತ್ತದೆ, ಆಫ್ರಿಕಾದಲ್ಲಿದ್ದವರದ್ದೂ. ಇಂದಿನ ಪಹಣಿ ತೆಗೆದರೆ ಇದು ಕಾಣುವುದಿಲ್ಲ. ಸರ್ವೆ ನಂಬರು ಕೊಟ್ಟು ಹಳೆ ಮ್ಯುಟೇಶನ್ ಎಂಟ್ರಿಗಳ ನಕಲು ಕೇಳಿ. ಭೂ ಸುರಕ್ಷಾ ಯೋಜನೆಯಲ್ಲಿ ಹಳೆ ಕಡತಗಳನ್ನು ಸ್ಕ್ಯಾನ್ ಮಾಡುತ್ತಿದ್ದಾರೆ, ನಿಮ್ಮ ತಾಲೂಕಿನದ್ದು ಆಗಿದೆಯಾ ಅಂತ ರೆಕಾರ್ಡ್ ರೂಮಿನಲ್ಲೇ ವಿಚಾರಿಸಿ. ಆಗಿಲ್ಲದಿದ್ದರೆ ಕೈಬರಹದ ಪುಸ್ತಕವೇ ನೋಡಬೇಕು, ಅದಕ್ಕೆ ಅರ್ಜಿಯ ಜತೆ ಪುಟ ತಿರುವಲು ಒಂದಿಡೀ ದಿನ ಇಟ್ಟುಕೊಂಡು ಹೋಗಿ.